ಆಟದ ರೈಲು ಓಡುವ ದಿನ



ಮಾದರಿ ರೈಲುಗಳನ್ನು ಕಟ್ಟಿ ಓಡಿಸುವ ಒಂದು ಹವ್ಯಾಸ ಲೋಕದಲ್ಲಿದೆ. ಎಂಜಿನು, ಡಬ್ಬಿ, ಹಳಿ, ಕೈಮರ, ನಿಲ್ದಾಣ, ಸೇತುವೆ, ಸುರಂಗ ಇವೆಲ್ಲವನ್ನೂ ನಿಜವಾದ ರೈಲಿನ ೮೭ರಲ್ಲಿ ಒಂದು ಪಾಲಿನಷ್ಟು, ಇಲ್ಲವೆ ೧೬೦ರಲ್ಲಿ ಒಂದು ಪಾಲಿನಷ್ಟು ಚಿಕ್ಕದಾಗಿ ಮಾಡಿ, ಮೇಜಿನ ಮೇಲೋ ಕೋಣೆಯ ಗೋಡೆಯ ಸುತ್ತಲೋ ಜೋಡಿಸಿ, ವಿದ್ಯುತ್ತಿನಿಂದ ಓಡಿಸಿ ಸಂತೋಷಪಡುವ ಹವ್ಯಾಸ ಅದು. ಇದನ್ನು ಕೈಗೊಂಡವರು ಹೆಚ್ಚಾಗಿ ನಡುವಯಸ್ಸು ಮೀರಿದವರೇ. ಇವರು ಒಂದೆಡೆ ಸೇರಿದಾಗ ಒಬ್ಬರನ್ನೊಬ್ಬರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ನೀವು ನಿಮ್ಮ ರೈಲನ್ನು ಎಷ್ಟು ದಿನಕ್ಕೊಮ್ಮೆ ಓಡಿಸುತ್ತೀರಿ?” ದಿನವೂ ಓಡಿಸುತ್ತೇನೆ ಎನ್ನುವವರು ಉಂಟು. ವಾರಕ್ಕೊಮ್ಮೆ ಎನ್ನುವವರು ಉಂಟು. ಓಡಿಸಿ ಎಷ್ಟು ತಿಂಗಳಾಯಿತೋ ನೆನಪಿಲ್ಲ, ಆದರೆ ನಿನ್ನೆ ರಾತ್ರಿ ಕೂಡ ಕುಳಿತು ಒಂದು ಗೂಡ್ಸ್ ಡಬ್ಬಿಗೆ ಬಣ್ಣ ಬಳಿದೆ ಎನ್ನುವವರೂ ಸಾಕಷ್ಟು ಮಂದಿ ಉಂಟು.

ಇದೆಲ್ಲಿಯ ಪ್ರಶ್ನೆ, ನಮ್ಮ ಊರುಗಳಿಗೂ ಇದಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ತುಮಕೂರಿಗೆ ಕೂಗಳತೆಯಲ್ಲಿರುವ ಗೂಳೂರಿನ ಪರಿಸರದಲ್ಲಿ ಬಾಳಿದ ನನಗೆ ಈ ಪ್ರಶ್ನೆ ಹೊರಗಿನದೆನಿಸುವುದಿಲ್ಲ. ತಿಂಗಳುಗಟ್ಟಲೆ ಕಟ್ಟುವುದು, ಒಂದು ದಿನ ಮೆರೆಸುವುದು, ಇದು ನಮ್ಮ ಊರಿನವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಆದುದರಿಂದ ಆ ಹವ್ಯಾಸದ ಚರಿತ್ರೆಯನ್ನು ಸ್ವಲ್ಪ ನೋಡಿ, ಬಳಿಕ ನಮ್ಮ ಸೀಮೆಯ ಸಂಗತಿಗಳೊಡನೆ ಅದನ್ನು ಇಟ್ಟು ನೋಡುವುದು ಇಂದಿನ ಈ ಮಾತುಗಳ ಉದ್ದೇಶ.

ಆಟದ ರೈಲು ನಿಜವಾದ ರೈಲಿಗಿಂತ ಬಹಳ ಕಿರಿಯದೇನೂ ಅಲ್ಲ. ೧೯ನೆಯ ಶತಮಾನದ ನಡುಭಾಗದಲ್ಲಿಯೇ ಯೂರೋಪಿನ ಅಂಗಡಿಗಳಲ್ಲಿ ತಗಡಿನ ರೈಲುಗಳು ಮಾರಾಟಕ್ಕೆ ಬಂದಿದ್ದವು. ಆದರೆ ಅವು ಒಂದಕ್ಕೊಂದು ಹೊಂದದ, ಹುಡುಗರು ನೆಲದ ಮೇಲೆ ತಳ್ಳುವ ಆಟಿಕೆಗಳಾಗಿದ್ದವು. ಅವಕ್ಕೆ ಒಂದು ವ್ಯವಸ್ಥೆ ದೊರೆತುದು ೧೮೯೧ರಲ್ಲಿ. ಜರ್ಮನಿಯ ಗೋಪಿಂಗನ್ ಪಟ್ಟಣದಲ್ಲಿ ೧೮೫೯ರಲ್ಲಿ ಪ್ರಾರಂಭವಾದ ಮಾರ್ಕ್ಲಿನ್ ಎಂಬ ಸಂಸ್ಥೆ ಆ ವರ್ಷದ ಲೈಪ್ಜಿಗ್ ಜಾತ್ರೆಗೆ ಗೊತ್ತಾದ ಅಗಲದ ಹಳಿಗಳನ್ನೂ ಅವುಗಳ ಮೇಲೆ ಓಡುವ ಕೀಲಿ ರೈಲನ್ನೂ ತಂದಿತು. ಈ ವರ್ಷ ಸ್ವಲ್ಪ ಹಳಿ ಕೊಂಡವನು ಬರುವ ವರ್ಷ ಇನ್ನಷ್ಟು ಕೊಂಡು ಅದಕ್ಕೇ ಜೋಡಿಸಬಹುದು. ಹೀಗೆ ಆಟಿಕೆಯು ಬೆಳೆಯುವ ವಸ್ತುವಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮಾರ್ಕ್ಲಿನ್ ಸಂಸ್ಥೆ ಮೊದಲು ಮಾಡುತ್ತಿದ್ದುದು ರೈಲನ್ನಲ್ಲ. ಹೆಣ್ಣುಮಕ್ಕಳ ಗೊಂಬೆಮನೆಗೆ ಬೇಕಾದ ಪುಟ್ಟ ಅಡಿಗೆ ಸಾಮಾನುಗಳನ್ನು. ಗೊಂಬೆಮನೆಗೆ ವರ್ಷವರ್ಷವೂ ಒಂದೊಂದು ಪಾತ್ರೆಯನ್ನು ಸೇರಿಸಿಕೊಳ್ಳುವ ರೂಢಿಯೇ ರೈಲಿಗೂ ದಾಟಿತು. ಮಾದರಿ ರೈಲಿನ ಮೂಲದಲ್ಲಿ ಗೊಂಬೆಯಾಟವಿದೆ ಎಂಬುದನ್ನು ನೆನಪಿನಲ್ಲಿಡೋಣ. ಮುಂದೆ ಇದು ಬೇಕಾಗುತ್ತದೆ.

ಅಮೆರಿಕದಲ್ಲಿ ಈ ಉದ್ಯಮ ಬೆಳೆದ ಬಗೆಯೂ ಸ್ವಾರಸ್ಯವಾಗಿದೆ. ಜೋಷುವ ಲಯನಲ್ ಕೋವನ್ ಎಂಬ ತರುಣ ೧೯೦೦ರಲ್ಲಿ ನ್ಯೂಯಾರ್ಕಿನಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿ, ಅಂಗಡಿಯ ಕಿಟಕಿಯಲ್ಲಿ ಸರಕುಗಳತ್ತ ಜನರ ಕಣ್ಣು ಸೆಳೆಯಲೆಂದು ವಿದ್ಯುತ್ತಿನಿಂದ ಸುತ್ತುವ ಗಾಡಿಯೊಂದನ್ನು ಮಾಡಿಕೊಟ್ಟ. ಜನ ಸರಕನ್ನು ಬಿಟ್ಟು ಗಾಡಿಯನ್ನೇ ಕೇಳತೊಡಗಿದರು. ಇಂಗ್ಲೆಂಡಿನಲ್ಲಿ ಮೆಕ್ಯಾನೋ ಆಟಿಕೆಗಳಿಂದ ಹೆಸರಾದ ಫ್ರಾಂಕ್ ಹಾರ್ನ್‌ಬಿ ೧೯೨೦ರಲ್ಲಿ ತನ್ನ ಕೀಲಿ ರೈಲುಗಳನ್ನು ಹೊರತಂದ. ಭಾರತದಲ್ಲಿ ಈ ಆಟದ ಸೊಗಸು ಮೊದಲು ಮುಟ್ಟಿದ್ದು ಅರಮನೆಗಳನ್ನು. ಗ್ವಾಲಿಯರಿನ ಜಯವಿಲಾಸ ಅರಮನೆಯ ಭೋಜನಶಾಲೆಯ ಮೇಜಿನ ಮೇಲೆ ಹಳಿ ಹಾಕಿಸಿ, ಅತಿಥಿಗಳ ಮುಂದೆ ಪಾನೀಯಗಳನ್ನು ಹೊತ್ತು ತರುವ ಬೆಳ್ಳಿಯ ರೈಲನ್ನು ಅಲ್ಲಿಯ ಮಹಾರಾಜರು ಓಡಿಸಿದ್ದು ಪ್ರಸಿದ್ಧವಾಗಿದೆ.

ಇಷ್ಟರವರೆಗೆ ಇದು ಓಡಿಸುವ ಆಟ. ಆದರೆ ಓಡಿಸುವ ಆಟಕ್ಕೆ ಒಂದು ದೌರ್ಬಲ್ಯವಿದೆ. ವೃತ್ತಾಕಾರದ ಹಳಿಯ ಮೇಲೆ ರೈಲು ಮೊದಲ ಸುತ್ತು ಬಂದಾಗ ಮಗು ಚಪ್ಪಾಳೆ ತಟ್ಟುತ್ತದೆ. ಹತ್ತನೆಯ ಸುತ್ತಿಗೆ ಆಕಳಿಸುತ್ತದೆ. ಇಪ್ಪತ್ತನೆಯ ಸುತ್ತಿನ ವೇಳೆಗೆ ಅಲ್ಲಿ ಮಗುವೇ ಇರುವುದಿಲ್ಲ, ತಂದೆಯೊಬ್ಬನೇ ಕುಳಿತಿರುತ್ತಾನೆ. ಹೊರಟಲ್ಲಿಗೇ ಮರಳಿ ಬರುವ ಪ್ರಯಾಣ ಪ್ರಯಾಣವೆನಿಸುವುದಿಲ್ಲ. ಹಾಗಾದರೆ ತಂದೆ ಏಕೆ ಕುಳಿತ? ಅವನ ಕಣ್ಣು ಓಟದ ಮೇಲಿಲ್ಲ. ಈ ತಿರುವಿನಲ್ಲಿ ಒಂದು ಗುಡ್ಡವಿದ್ದರೆ, ಆ ಗುಡ್ಡದ ಬದಿಯಲ್ಲಿ ಒಂದು ಹಳ್ಳಿಯಿದ್ದರೆ, ಆ ಹಳ್ಳಿಗೊಂದು ಪುಟ್ಟ ನಿಲ್ದಾಣವಿದ್ದರೆ ಎಂದು ಅವನು ಯೋಚಿಸುತ್ತಿದ್ದಾನೆ. ಕಟ್ಟುವವನು ಹುಟ್ಟುವುದು ಇಲ್ಲಿ. ೧೯೧೦ರಲ್ಲಿ ಲಂಡನ್ನಿನಲ್ಲಿ ಮಾದರಿ ರೈಲು ಹವ್ಯಾಸಿಗಳ ಸಂಘವೊಂದು ಸ್ಥಾಪನೆಯಾಯಿತೆಂಬುದು, ಆ ಹೊತ್ತಿಗಾಗಲೇ ಆಟಿಕೆ ಮಕ್ಕಳ ಕೈಯಿಂದ ಹಿರಿಯರ ಕೈಗೆ ದಾಟಿತ್ತೆಂಬುದಕ್ಕೆ ಸಾಕ್ಷಿ.

ಕಟ್ಟುವವನ ಮುಂದೆಯೂ ಒಂದು ತೊಡಕು ಕಾದಿತ್ತು. ಕಟ್ಟುವ ಕೆಲಸಕ್ಕೆ ಕೊನೆಯೆಂಬುದಿಲ್ಲ. ನಮ್ಮ ಬೆಂಗಳೂರು-ತುಮಕೂರು ಮಾರ್ಗವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಸುಮಾರು ೭೦ ಕಿಲೋಮೀಟರಿನ ಹಾದಿ. ೮೭ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಅದನ್ನು ಪೂರ್ತಿಯಾಗಿ ಕಟ್ಟಹೊರಟರೆ ೮೦೦ ಮೀಟರಿಗೂ ಸ್ವಲ್ಪ ಹೆಚ್ಚು ಉದ್ದದ ಕೋಣೆ ಬೇಕಾಗುತ್ತದೆ! ಯಾವ ಗೃಹಸ್ಥನ ಮನೆಯಲ್ಲಿ ಅಂಥ ಕೋಣೆಯಿದ್ದೀತು? ಆದುದರಿಂದ ಆಯಬೇಕು, ಬಿಡಬೇಕು, ಕುಗ್ಗಿಸಬೇಕು. ಒಂದು ನಿಲ್ದಾಣ, ಒಂದು ಕೆರೆಯ ಏರಿ, ಒಂದು ಬಂಡೆಗುಡ್ಡ, ಇಷ್ಟರಿಂದಲೇ ಇಡೀ ಸೀಮೆಯನ್ನು ನೋಡುವವರ ಮನಸ್ಸಿಗೆ ತರಬೇಕು. ಇದು ಕವಿಯ ಕೆಲಸಕ್ಕೆ ಬಹಳ ಹತ್ತಿರದ್ದು. ಕವಿಗಳಲ್ಲಿಯೂ ಜೀವಮಾನವಿಡೀ ತಿದ್ದುತ್ತ ಕುಳಿತು ಓದುಗರ ಕೈಗೆ ಕೊಡದವರು ಇರುವಂತೆ, ಇವರಲ್ಲಿಯೂ ಕಟ್ಟುತ್ತಲೇ ಕುಳಿತು ಓಡಿಸದವರು ಉಂಟಾದರು.

ಓಟವೂ ಬೇಸರ ತರದೆ, ಕಟ್ಟಡವೂ ಕೊನೆಯಿಲ್ಲದ್ದಾಗದೆ ಇರಲು ಏನು ಮಾಡಬೇಕು? ಕೆಲವು ಹಿರಿಯ ಹವ್ಯಾಸಿಗಳು ಕಂಡುಕೊಂಡ ಪರಿಹಾರವೆಂದರೆ ವೇಳಾಪಟ್ಟಿ. ಅಮೆರಿಕದ ಫ್ರಾಂಕ್ ಎಲಿಸನ್ ೧೯೪೪ರಲ್ಲಿ ಬರೆದ ಲೇಖನಮಾಲೆಯಲ್ಲಿ ಮಾದರಿ ರೈಲ್ವೆಯನ್ನು ನಾಟಕಕ್ಕೆ ಹೋಲಿಸಿದರು. ಹಳಿ ಮತ್ತು ಊರುಗಳು ರಂಗಸಜ್ಜಿಕೆ, ರೈಲುಗಳು ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥಾವಸ್ತು. ಇಂಥ ಹೊತ್ತಿಗೆ ಈ ಗೂಡ್ಸು ಪಕ್ಕದ ಹಳಿಗೆ ಸರಿದು ನಿಲ್ಲಬೇಕು, ಮೇಲ್ ಗಾಡಿ ಹಾದುಹೋಗಬೇಕು, ಆಮೇಲೆ ಗೂಡ್ಸು ಹೊರಡಬೇಕು. ಇದರಲ್ಲಿ ಕಾಯುವಿಕೆಯುಂಟು, ತಡೆಯುಂಟು, ಬಿಡುಗಡೆಯುಂಟು. ಇಂಗ್ಲೆಂಡಿನಲ್ಲಿ ಪೀಟರ್ ಡೆನ್ನಿ ಎಂಬ ಪಾದ್ರಿಗಳು ಬಕಿಂಗ್‌ಹ್ಯಾಮ್ ಎಂಬ ತಮ್ಮ ಮಾದರಿ ಮಾರ್ಗವನ್ನು ಹತ್ತಾರು ವರ್ಷ ವೇಳಾಪಟ್ಟಿಯ ಪ್ರಕಾರ ನಡೆಸಿದರು. ಒಂದು ತುದಿಯಲ್ಲಿ ರೈಲುಗಳನ್ನು ಕಳುಹಿಸಿ ಬರಮಾಡಿಕೊಳ್ಳುವ ಕೆಲಸ ಅವರ ಮಗ ಕ್ರಿಸ್ಪಿನನದು. ಮಗ ಸದಾ ಕೈಗೆ ಸಿಗುವಂತಿಲ್ಲವೆಂದು ಅದೇ ಕೆಲಸ ಮಾಡುವ ಯಂತ್ರವೊಂದನ್ನು ಕಟ್ಟಿ, ಅದಕ್ಕೆ ‘ಸ್ವಯಂಚಾಲಿತ ಕ್ರಿಸ್ಪಿನ್’ ಎಂದು ಹೆಸರಿಟ್ಟರು! ನಗು ಬರುವ ಸಂಗತಿಯೇ ಸರಿ. ಆದರೆ ಅದರೊಳಗೊಂದು ಸತ್ಯವಿದೆ. ರೈಲು ಓಡಿಸುವುದಕ್ಕೆ ಜೊತೆಗೊಬ್ಬರು ಬೇಕು. ಯಂತ್ರವನ್ನೇ ಕಟ್ಟಿದರೂ ಅದಕ್ಕೆ ಮಗನ ಹೆಸರನ್ನೇ ಇಡಬೇಕಾಯಿತು.

ಇನ್ನು ನಮ್ಮ ಸೀಮೆಗೆ ಬರೋಣ. ಬೆಂಗಳೂರಿನಿಂದ ಮೀಟರ್ ಗೇಜ್ ಹಳಿ ತುಮಕೂರಿಗೆ ಬಂದದ್ದು ೧೮೮೪ರಲ್ಲಿ. ೧೮೮೯ರ ವೇಳೆಗೆ ಅದು ಹರಿಹರವನ್ನು ಮುಟ್ಟಿತು. ಅದೇ ೧೮೮೪ರಲ್ಲಿ ತುಮಕೂರಿನ ಪಕ್ಕದ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪೆನಿ ಹುಟ್ಟಿತು. ಒಂದೇ ವರ್ಷ, ಒಂದೇ ಸೀಮೆ. ಒಂದು ಕಡೆ ದಿನವೂ ಓಡುವ ರೈಲು, ಇನ್ನೊಂದು ಕಡೆ ಊರೂರಿಗೆ ಬಿಡಾರ ಹೂಡಿ ಆಡುವ ಕಂಪೆನಿ. ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದದ್ದು ಕನ್ನಡಿಗರೆಲ್ಲರಿಗೂ ಗೊತ್ತಿರುವ ಕಥೆ. ಕಂಪೆನಿ ನಾಟಕ ವೃತ್ತಿ. ವೃತ್ತಿಗೆ ದಿನವೂ ಆಡುವುದು ಅನಿವಾರ್ಯ. ಆಡದಿದ್ದರೆ ಒಲೆ ಉರಿಯುವುದಿಲ್ಲ.

ಇದೇ ಸೀಮೆಯ ಹಳ್ಳಿಗಳಲ್ಲಿ ಇನ್ನೊಂದು ಬಗೆಯ ನಾಟಕವೂ ಉಂಟು. ಬೇಸಾಯಗಾರರು, ಅಂಗಡಿಯವರು, ಮೇಷ್ಟರುಗಳು ಸೇರಿ ‘ಕುರುಕ್ಷೇತ್ರ’ವನ್ನೋ ಮತ್ತಾವುದೋ ಪೌರಾಣಿಕ ನಾಟಕವನ್ನೋ ಎತ್ತಿಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟರನ್ನು ಗೊತ್ತುಮಾಡಿ, ಸಂಜೆಯ ಹೊತ್ತು ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಪಾರ್ಟು ಹಾಕುವವನು ತನ್ನ ಪಾರ್ಟಿಗೆ ತಾನೇ ಹಣ ಹಾಕುತ್ತಾನೆ. ಪರದೆ, ಕಿರೀಟ, ಗದೆಗಳನ್ನು ಬಾಡಿಗೆಗೆ ತರುತ್ತಾರೆ. ಇಷ್ಟೆಲ್ಲ ಮಾಡಿ ಆಡುವುದು ಎಷ್ಟು ಸಲ? ಒಂದೇ ಒಂದು ರಾತ್ರಿ. ಬೆಳಗಾದರೆ ಭೀಮಸೇನ ಹೊಲದಲ್ಲಿ ಗುದ್ದಲಿ ಹಿಡಿದಿರುತ್ತಾನೆ. ಲೆಕ್ಕಿಗನೊಬ್ಬ ಬಂದು, “ಇಷ್ಟು ಖರ್ಚಿಗೆ ಒಂದೇ ರಾತ್ರಿಯೇ?” ಎಂದರೆ ಊರಿನವರಿಗೆ ಆ ಪ್ರಶ್ನೆಯೇ ಅರ್ಥವಾಗದು. ಏಕೆಂದರೆ ತಾಲೀಮಿನ ಆ ತೊಂಬತ್ತು ಸಂಜೆಗಳು ನಾಟಕದ ಹೊರಗಿನವಲ್ಲ. ಆದರೆ ಆ ಒಂದು ರಾತ್ರಿ ಬರಲಿದೆ ಎಂಬುದು ಗೊತ್ತಿಲ್ಲದಿದ್ದರೆ ತೊಂಬತ್ತು ಸಂಜೆಗಳಲ್ಲಿ ಒಂದು ಸಂಜೆಗೂ ಯಾರೂ ಬರುತ್ತಿರಲಿಲ್ಲ. ಎಲಿಸನ್ನರು ರೈಲನ್ನು ನಾಟಕಕ್ಕೆ ಹೋಲಿಸಿದ್ದು ನಮ್ಮ ಹಳ್ಳಿಯ ನಾಟಕಕ್ಕೇ ಹೆಚ್ಚು ಒಪ್ಪುತ್ತದೆ. ಕನ್ನಡದಲ್ಲಿ ‘ಆಟ’ ಎಂಬ ಒಂದೇ ಮಾತು ಮಗುವಿನ ಆಟಕ್ಕೂ ಸಲ್ಲುತ್ತದೆ, ಬಯಲಾಟಕ್ಕೂ ಸಲ್ಲುತ್ತದೆ, ಓಡಾಟ ತಿರುಗಾಟಗಳಲ್ಲಿಯೂ ಸೇರಿಕೊಳ್ಳುತ್ತದೆ. ನಮ್ಮ ಹಿರಿಯರು ಇವುಗಳ ನಡುವೆ ದೊಡ್ಡ ಗೋಡೆಯನ್ನು ಕಟ್ಟಲಿಲ್ಲ.

ಮನೆಯೊಳಗಿನ ಆಟಕ್ಕೆ ಬಂದರೆ, ಹಳೆಯ ಮೈಸೂರಿನ ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಪದ್ಧತಿ ಎಲ್ಲರಿಗೂ ತಿಳಿದದ್ದು. ಮಾದರಿ ರೈಲಿನ ಹವ್ಯಾಸಕ್ಕೆ ನಮ್ಮಲ್ಲಿ ತೀರ ಹತ್ತಿರದ ಬಂಧುವೆಂದರೆ ಇದೇ. ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳು, ದಶಾವತಾರ, ಸೆಟ್ಟಿ ದಂಪತಿ. ಕೆಳಗೆ ನೆಲದ ಮೇಲೆ ಮಕ್ಕಳ ರಾಜ್ಯ. ತಟ್ಟೆಯಲ್ಲಿ ಮೊಳೆಯಿಸಿದ ರಾಗಿಯ ಪೈರೇ ಹೊಲ, ಕನ್ನಡಿಯ ಚೂರೇ ಕೆರೆ, ಬೆಂಕಿಪೆಟ್ಟಿಗೆಗಳೇ ಮನೆಗಳು. ಎಷ್ಟೋ ಮನೆಗಳಲ್ಲಿ ಆ ಊರಿನ ಅಂಚಿನಲ್ಲಿ ಕೀಲಿ ಕೊಟ್ಟರೆ ಓಡುವ ಒಂದು ರೈಲು ಕೂಡ ಇರುತ್ತಿತ್ತು. ಸಂಜೆ ಗೊಂಬೆ ನೋಡಲು ನೆರೆಹೊರೆಯ ಮಕ್ಕಳು ಬಂದಾಗ ಅದಕ್ಕೆ ಕೀಲಿ ಕೊಡುವರು; ಆರತಿಯಾಗಿ ಗೊಂಬೆ ಬಾಗಿನ ಹಂಚಿದ ಮೇಲೆ ನಿಲ್ಲಿಸುವರು. ಒಂಬತ್ತು ಸಂಜೆಗಳಾದ ಮೇಲೆ, ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮಾರನೆಯ ದಿನ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವರು. ವರ್ಷದ ೩೬೫ ದಿನಗಳಲ್ಲಿ ರೈಲು ಓಡಿದ್ದು ಒಂಬತ್ತು ಸಂಜೆ. ಆದರೂ ಆ ಮನೆಗಳಲ್ಲಿ ಬೆಳೆದವರ ನೆನಪಿನಲ್ಲಿ ಅದು ಸದಾ ಓಡುತ್ತಲೇ ಇರುತ್ತದೆ. ಪೆಟ್ಟಿಗೆಯ ಬೀಗ ತೆಗೆಯುವ ದಿನ ಪಂಚಾಂಗದಲ್ಲಿಯೇ ಗೊತ್ತಾಗಿದ್ದುದರಿಂದ ‘ಇಂದು ಓಡಿಸಲೇ, ನಾಳೆ ಓಡಿಸಲೇ’ ಎಂಬ ಸೋಮಾರಿತನದ ಪ್ರಶ್ನೆ ಅಲ್ಲಿ ಏಳುವಂತೆಯೇ ಇರಲಿಲ್ಲ.

ಈಗ ಗೂಳೂರಿನ ಮಾತು. ಇಲ್ಲಿಯ ಮಹಾಗಣಪತಿಯನ್ನು ನೋಡದವರೂ ಹೆಸರನ್ನಾದರೂ ಕೇಳಿರುತ್ತೀರಿ. ಮಿಕ್ಕ ಊರುಗಳಲ್ಲಿ ಭಾದ್ರಪದ ಶುದ್ಧ ಚೌತಿಯೆಂದರೆ ಗಣಪತಿಯನ್ನು ಪೂಜಿಸುವ ದಿನ. ಗೂಳೂರಿನಲ್ಲಿ ಅದು ಗಣಪತಿಯನ್ನು ಮಾಡಲು ಪ್ರಾರಂಭಿಸುವ ದಿನ. ಊರಿನ ಕೆರೆಯ ಮಣ್ಣನ್ನು ತಂದು, ಹದಗೊಳಿಸಿ, ಆಳೆತ್ತರವನ್ನು ಎಷ್ಟೋ ಮೀರಿ ನಿಲ್ಲುವ ಮೂರ್ತಿಯನ್ನು ದೇವಾಲಯದಲ್ಲಿಯೇ ಮೆಲ್ಲಮೆಲ್ಲನೆ ಎತ್ತುತ್ತಾರೆ. ಹಸಿ ಮಣ್ಣು ಅವಸರವನ್ನು ಸಹಿಸುವುದಿಲ್ಲ. ಕೆಳಗಿನ ಭಾಗ ಬಿಗಿಯದೆ ಮೇಲಿನದನ್ನು ಹೊರಿಸಿದರೆ ಕುಸಿಯುತ್ತದೆ. ಬೇಗ ಒಣಗಿದರೆ ಬಿರಿಯುತ್ತದೆ. ಭಾದ್ರಪದ ಕಳೆದು ಆಶ್ವಯುಜ ಮುಗಿಯುವವರೆಗೆ ಈ ಕೆಲಸ. ದೀಪಾವಳಿಯ ಬಲಿಪಾಡ್ಯಮಿಯಂದು ಸಿದ್ಧಗೊಂಡ ಮೂರ್ತಿಗೆ ಪ್ರತಿಷ್ಠೆ. ಅಂದಿನಿಂದ ಕಾರ್ತಿಕದ ತಿಂಗಳಿಡೀ ಪೂಜೆ, ಜನಜಾತ್ರೆ. ಕಾರ್ತಿಕ ಕಳೆದ ಮೇಲೆ ಹೂವಿನ ಅಲಂಕಾರ, ವಾದ್ಯ, ಬಾಣಬಿರುಸುಗಳೊಡನೆ ಮೆರವಣಿಗೆ. ಬಳಿಕ ಗೂಳೂರು ಕೆರೆಯಲ್ಲಿಯೇ ವಿಸರ್ಜನೆ. ಭೃಗು ಮಹರ್ಷಿಗಳು ಮೊದಲು ಈ ಗಣಪತಿಯನ್ನು ಮಾಡಿ ಪೂಜಿಸಿದರೆಂದು ಸ್ಥಳಪುರಾಣ ಹೇಳುತ್ತದೆ. ಊರಿನ ಹದಿನೆಂಟು ಕೋಮಿನವರೂ ಸೇರಿ ಈ ಉತ್ಸವವನ್ನು ನಡೆಸುವುದು ಇಲ್ಲಿಯ ಹೆಚ್ಚಳ.

ಲೆಕ್ಕವನ್ನು ಗಮನಿಸಿ. ಮಾಡುವುದಕ್ಕೆ ಹತ್ತಿರ ಹತ್ತಿರ ಎರಡು ತಿಂಗಳು. ಪೂಜಿಸುವುದಕ್ಕೆ ಒಂದು ತಿಂಗಳು. ಮೂರ್ತಿ ತನ್ನ ಪೀಠದಿಂದ ಅಲುಗಿ ಬೀದಿಗೆ ಬರುವುದು ಕೊನೆಯಲ್ಲಿ ಒಂದೇ ಸಲ, ಅದೂ ಕೆರೆಯ ಕಡೆಗೆ. ಕಟ್ಟುವುದು, ನೋಡುವುದು, ಓಡಿಸುವುದು ಎಂಬ ಮೂರು ಸಂತೋಷಗಳಿಗೂ ಇಲ್ಲಿ ಬೇರೆ ಬೇರೆ ಕಾಲ ಗೊತ್ತಾಗಿದೆ. ಒಂದು ಇನ್ನೊಂದರ ಕಾಲವನ್ನು ಕಬಳಿಸುವುದಿಲ್ಲ. ಬಲಿಪಾಡ್ಯಮಿ ಬಂದಿತೆಂದರೆ ಕಟ್ಟುವವನು ಕೈ ತೊಳೆಯಲೇಬೇಕು. ‘ಇನ್ನೊಂದು ವಾರ ಕೊಡಿ, ಸೊಂಡಿಲನ್ನು ಇನ್ನಷ್ಟು ನಯ ಮಾಡುತ್ತೇನೆ’ ಎನ್ನುವಂತಿಲ್ಲ. ಮುಗಿಯದ ಕಟ್ಟಡವೆಂಬ ಹವ್ಯಾಸಿಯ ಹಳೆಯ ರೋಗಕ್ಕೆ ಗೂಳೂರಿನ ಪಂಚಾಂಗದಲ್ಲಿ ಮದ್ದಿದೆ. ಇನ್ನು ವಿಸರ್ಜನೆಯ ವಿಚಾರ. ಮೂರ್ತಿ ಕೆರೆಯಲ್ಲಿ ಕರಗುತ್ತದೆ. ಮಣ್ಣು ತಂದಲ್ಲಿಗೇ ಸೇರುತ್ತದೆ. ಮೂರ್ತಿ ಉಳಿಯದಿರುವುದರಿಂದಲೇ ವಿದ್ಯೆ ಉಳಿದಿದೆ. ಒಮ್ಮೆ ಕಲ್ಲಿನಲ್ಲಿ ಕಡೆದು ನಿಲ್ಲಿಸಿಬಿಟ್ಟಿದ್ದರೆ ಮೂರ್ತಿ ಶಾಶ್ವತವಾಗಿ ಇರುತ್ತಿತ್ತು. ಮಣ್ಣನ್ನು ಹದ ಮಾಡಬಲ್ಲ ಕೈಗಳು ಮಾತ್ರ ಎರಡು ತಲೆಮಾರಿನಲ್ಲಿ ಇಲ್ಲವಾಗುತ್ತಿದ್ದವು.

ಮಾದರಿ ರೈಲಿನ ಲೋಕದಲ್ಲಿಯೂ ಕಟ್ಟಿದ್ದು ಅಳಿದುಹೋದ ಪ್ರಸಂಗವೊಂದುಂಟು. ಅದು ಬಯಸಿ ಮಾಡಿದ ವಿಸರ್ಜನೆಯಲ್ಲ, ವಿಪತ್ತು. ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ಜಾನ್ ಅಲೆನ್ ಎಂಬವರು ಬೆಟ್ಟ ಕಣಿವೆಗಳ ಅದ್ಭುತವಾದ ಮಾದರಿ ರೈಲ್ವೆಯೊಂದನ್ನು ಅನೇಕ ವರ್ಷ ಕಟ್ಟಿದರು. ಗೊತ್ತಾದ ರಾತ್ರಿಗಳಲ್ಲಿ ಗೆಳೆಯರು ಬಂದು, ಒಬ್ಬೊಬ್ಬರು ಒಂದೊಂದು ನಿಲ್ದಾಣವನ್ನು ವಹಿಸಿಕೊಂಡು, ವೇಳಾಪಟ್ಟಿಯ ಪ್ರಕಾರ ಅದನ್ನು ನಡೆಸುತ್ತಿದ್ದರು. ೧೯೭೩ರ ಜನವರಿಯಲ್ಲಿ ಅಲೆನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ರೈಲ್ವೆ ನಾಶವಾಯಿತು. ಆದರೂ ಇಂದಿಗೆ ಅರ್ಧ ಶತಮಾನ ಕಳೆದ ಮೇಲೆಯೂ ಹವ್ಯಾಸಿಗಳು ಅದರ ಮಾತನ್ನು ಆಡುತ್ತಲೇ ಇದ್ದಾರೆ. ತೆಗೆದಿಟ್ಟ ಛಾಯಾಚಿತ್ರಗಳು ಇದಕ್ಕೆ ಒಂದು ಕಾರಣ. ಅದನ್ನು ಕೂಡಿ ಓಡಿಸಿದವರು ತಾವು ಕಲಿತದ್ದನ್ನು ಹೊತ್ತು ತಮ್ಮ ತಮ್ಮ ಮನೆಗಳಿಗೆ ಹೋಗಿದ್ದರೆಂಬುದು ಅದಕ್ಕಿಂತ ದೊಡ್ಡ ಕಾರಣ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ವಸ್ತು ಉಳಿದು ಓಟ ನಿಂತರೆ ಏನಾಗುತ್ತದೆ? ಮೈಸೂರಿನಲ್ಲಿ ೧೯೭೯ರಲ್ಲಿ ಸ್ಥಾಪನೆಯಾದ ರೈಲು ವಸ್ತುಸಂಗ್ರಹಾಲಯಕ್ಕೆ ತಾವು ಹೋಗಿರಬಹುದು. ೧೮೯೯ರಲ್ಲಿ ನಿರ್ಮಾಣವಾದ ಮಹಾರಾಣಿಯವರ ಸಲೂನು ಗಾಡಿ ಅಲ್ಲಿದೆ, ಹಬೆಯ ಎಂಜಿನುಗಳಿವೆ. ಅವನ್ನು ಉಳಿಸಿಕೊಂಡದ್ದು ದೊಡ್ಡ ಉಪಕಾರ. ಅವುಗಳ ಮುಂದೆ ನಿಂತು ನಾವು ಗೌರವದಿಂದ ಓದುತ್ತೇವೆ, ತಲೆದೂಗುತ್ತೇವೆ. ಆದರೆ ಮಕ್ಕಳ ಕಣ್ಣು ಆ ದೊಡ್ಡ ಎಂಜಿನುಗಳ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಆವರಣದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಪುಟ್ಟ ರೈಲಿನ ಕಡೆಗೆ ಓಡುತ್ತದೆ. ದೊಡ್ಡದು ನಿಂತಿದೆ, ಚಿಕ್ಕದು ಓಡುತ್ತಿದೆ. ಮಗುವಿಗೆ ಓಡುವುದೇ ರೈಲು.

ಓಡದಿರುವಿಕೆ ಮಾದರಿ ರೈಲಿಗೆ ಇನ್ನೂ ಕಠಿಣವಾದ ಶಿಕ್ಷೆ ಕೊಡುತ್ತದೆ. ಅದರ ಎಂಜಿನಿಗೆ ವಿದ್ಯುತ್ತು ಬರುವುದು ಹಳಿಯಿಂದ, ಗಾಲಿಯ ಮೂಲಕ. ಹಿಂದೆ ಹಿತ್ತಾಳೆಯ ಹಳಿಗಳಿದ್ದವು. ಈಗ ಹೆಚ್ಚಾಗಿ ನಿಕಲ್ ಸಿಲ್ವರ್ ಎಂಬ ಮಿಶ್ರಲೋಹ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿರುವುದು ತಾಮ್ರ, ನಿಕಲ್, ಸತು. ಕೆಲವು ತಿಂಗಳು ಓಡಿಸದೆ ಬಿಟ್ಟರೆ ಹಳಿಯ ಮೇಲೆ ಕಿಟ್ಟ ಕಟ್ಟುತ್ತದೆ, ಧೂಳು ಕೂಡುತ್ತದೆ. ಗಾಲಿಗಳ ಒಳಗಿನ ಎಣ್ಣೆ ಅಂಟಾಗುತ್ತದೆ. ಮಳೆಗಾಲದ ತೇವಕ್ಕೆ ಹಲಗೆ ಬಾಗಿ ಹಳಿಯ ಜೋಡಣೆ ತಪ್ಪುತ್ತದೆ. ಸವೆತದಿಂದ ಹಾಳಾಗುವ ಯಂತ್ರಗಳನ್ನು ನಾವು ಬಲ್ಲೆವು. ಇದು ಸವೆಯದೆ ಹಾಳಾಗುವ ಯಂತ್ರ.

ತುಮಕೂರಿನಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ. ಗಣಿತದ ಉಪಾಧ್ಯಾಯರಾಗಿ ನಿವೃತ್ತರಾದವರು. ಹೊರದೇಶದಲ್ಲಿರುವ ಮಗಳು ತಂದುಕೊಟ್ಟ ಒಂದು ಸಣ್ಣ ಎಂಜಿನಿನಿಂದ ಪ್ರಾರಂಭವಾದ ಅವರ ಹವ್ಯಾಸ, ಹಳೆಯ ಬಾಗಿಲೊಂದರ ಹಲಗೆಯ ಮೇಲೆ ಒಂದು ಪುಟ್ಟ ನಿಲ್ದಾಣವಾಗಿ ಬೆಳೆದಿದೆ. ಒಮ್ಮೆ ಅವರನ್ನು ಕೇಳಿದೆ: “ಮೇಷ್ಟರೇ, ಎಷ್ಟು ದಿನಕ್ಕೊಮ್ಮೆ ಓಡಿಸುತ್ತೀರಿ?” ಅವರೆಂದರು: “ಹದಿನೈದು ದಿನಕ್ಕೊಮ್ಮೆ, ಭಾನುವಾರ. ಅಂದು ಬೀದಿಯ ಹುಡುಗರು ಬರುತ್ತಾರೆ. ಆದರೆ ಸ್ವಾಮಿ, ಆ ಭಾನುವಾರದ ಕೆಲಸ ಹದಿನಾಲ್ಕು ದಿನವೂ ಇರುತ್ತದೆ.” ಅವರು ಕಾಯಿಲೆ ಬಿದ್ದು ಬಹುಕಾಲ ಅದನ್ನು ಮುಟ್ಟಲಾಗದೆ ಇದ್ದುದುಂಟು. ಚೇತರಿಸಿಕೊಂಡು ಗುಂಡಿ ಒತ್ತಿದಾಗ ಎಂಜಿನು ಕದಲಲಿಲ್ಲ. ಕೈ ನಡುಗುತ್ತಿದ್ದುದರಿಂದ ಅವರಿಂದ ಸರಿಮಾಡಲೂ ಆಗಲಿಲ್ಲ. ಅವರು ಹೇಳುತ್ತಾ ಹೋದರು, ಬೀದಿಯ ಹುಡುಗರಲ್ಲಿ ಇಬ್ಬರು ಹಳಿಯನ್ನು ಒರೆಸಿದರು, ಗಾಲಿ ಬಿಚ್ಚಿ ಶುದ್ಧ ಮಾಡಿದರು, ತಂತಿಯ ಜೋಡಣೆಯನ್ನು ಒಂದೊಂದಾಗಿ ಪರೀಕ್ಷಿಸಿದರು. ಮೂರನೆಯ ಭಾನುವಾರ ರೈಲು ಓಡಿತು. ಅಲ್ಲಿಯವರೆಗೆ ನೋಡುವವರಾಗಿದ್ದ ಆ ಹುಡುಗರು ಅಂದಿನಿಂದ ಓಡಿಸುವವರಾದರು. ಈಗ ಮೇಷ್ಟರು ಕುರ್ಚಿಯಲ್ಲಿ ಕುಳಿತು ವೇಳಾಪಟ್ಟಿಯನ್ನು ಓದುತ್ತಾರೆ.

ಈ ಪ್ರಸಂಗವನ್ನು ಹೇಳಿದ್ದಕ್ಕೆ ಕಾರಣವಿದೆ. ಆ ಹುಡುಗರು ಬರುತ್ತಿದ್ದುದು ಗೊತ್ತಾದ ದಿನಕ್ಕೆ. ಮೇಷ್ಟರು ತಮಗೆ ತೋಚಿದಾಗ, ಬಾಗಿಲು ಹಾಕಿಕೊಂಡು, ದಿನಕ್ಕೆರಡು ಸಲ ಓಡಿಸಿಕೊಳ್ಳುತ್ತಿದ್ದರೆ ಅವರ ಸಂತೋಷದ ಎಣಿಕೆ ಹೆಚ್ಚುತ್ತಿತ್ತೇನೋ. ಕೈ ನಡುಗಿದ ದಿನ ಹಳಿ ಒರೆಸುವವರು ಯಾರೂ ಇರುತ್ತಿರಲಿಲ್ಲ. ಹವ್ಯಾಸದಲ್ಲಿ ಪಣಕ್ಕಿರುವುದು ಬರಿಯ ಕಾಲಕ್ಷೇಪವೆಂದು ತಿಳಿಯಬಾರದು. ಒಬ್ಬ ಮನುಷ್ಯ ನಲವತ್ತು ವರ್ಷ ಕೈಯಾರೆ ಗಳಿಸಿದ ಕುಶಲತೆ ಅವನೊಡನೆಯೇ ಮುಗಿಯಬೇಕೆ, ಇನ್ನೊಬ್ಬರ ಕೈಗೆ ಬರಬೇಕೆ ಎಂಬುದು ಅಲ್ಲಿರುವ ಪ್ರಶ್ನೆ. ಕೈಯಿಂದ ಕೈಗೆ ಬರಬೇಕಾದರೆ ಎರಡು ಕೈಗಳೂ ಒಂದೇ ಹೊತ್ತಿಗೆ ಒಂದೇ ಕಡೆ ಇರಬೇಕು. ಜಾತ್ರೆ, ಹಬ್ಬ, ತೇರುಗಳಿಗೆ ನಮ್ಮ ಹಿರಿಯರು ತಿಥಿ ಗೊತ್ತುಮಾಡಿದ್ದರಲ್ಲಿ ಭಕ್ತಿಯ ಜೊತೆಗೆ ಈ ವ್ಯವಹಾರಜ್ಞಾನವೂ ಇತ್ತೆಂದು ನನಗೆ ತೋರುತ್ತದೆ. ಗುಬ್ಬಿಯ ಚನ್ನಬಸವೇಶ್ವರಸ್ವಾಮಿಯ ತೇರಾಗಲಿ, ಬೇರಾವ ಊರಿನ ತೇರಾಗಲಿ, ವರ್ಷಕ್ಕೊಂದು ದಿನ ಎಳೆಯುತ್ತಾರೆ. ಆದರೆ ಆ ದಿನ ಬರುವ ಮುನ್ನ ಬಡಗಿ ಅಚ್ಚನ್ನು ನೋಡಲೇಬೇಕು, ಕಮ್ಮಾರ ಪಟ್ಟಿಯನ್ನು ಬಿಗಿಯಲೇಬೇಕು, ಮಿಣಿ ಗಟ್ಟಿಯಿದೆಯೇ ಎಂದು ಯಾರೋ ಎಳೆದು ನೋಡಲೇಬೇಕು. ಗಾಲಿಗೆ ಅಡ್ಡ ಮರ ಕೊಟ್ಟು ತೇರನ್ನು ತಿರುಗಿಸುವ ಮುದುಕನ ಪಕ್ಕದಲ್ಲಿ ಅವನ ಮೊಮ್ಮಗ ನಿಂತು ನೋಡಲೇಬೇಕು. ವರ್ಷಕ್ಕೆ ಒಂದೇ ಸಲವೆಂಬುದು ಕಡಿಮೆಯಾಗಿ ಕಾಣಬಹುದು. ತಪ್ಪದೆ ಒಂದು ಸಲವೆಂಬುದು ಕಡಿಮೆಯೇನೂ ಅಲ್ಲ.

ನಿಜವಾದ ರೈಲಿನ ಧರ್ಮ ಬೇರೆ. ತುಮಕೂರಿನ ಹಳಿ ಕಳೆದ ಶತಮಾನದ ಕೊನೆಯ ವೇಳೆಗೆ ಮೀಟರ್ ಗೇಜಿನಿಂದ ಬ್ರಾಡ್ ಗೇಜ್ ಆಯಿತು. ಅದರ ಮೇಲೆ ಹಗಲಿರುಳೂ ಗಾಡಿಗಳು ಓಡುತ್ತವೆ, ಓಡಲೇಬೇಕು. ಎಷ್ಟು ಸಲ ಓಡಿತು ಎಂಬುದರಿಂದಲೇ ಅದರ ಸಾರ್ಥಕತೆಯನ್ನು ಅಳೆಯುವುದು ನ್ಯಾಯ. ಆ ಅಳತೆಗೋಲನ್ನು ಮನೆಯ ರೈಲಿಗೆ ಹಿಡಿದಾಗಲೇ ಹವ್ಯಾಸಿಗೆ ಸಂಕೋಚ ಹುಟ್ಟುವುದು; ‘ಇಷ್ಟು ಹಣ ಹಾಕಿ, ಇಷ್ಟು ವರ್ಷ ಕಳೆ‌ದು, ವರ್ಷಕ್ಕೆ ಹತ್ತು ಸಲವೂ ಓಡಿಸಲಿಲ್ಲವಲ್ಲ’ ಎಂದು ಅವನು ಬಂಧುಗಳ ಮುಂದೆ ತಲೆ ತಗ್ಗಿಸುವುದು. ಅವನು ತಲೆ ತಗ್ಗಿಸಬೇಕಾಗಿಲ್ಲ. ಕಂಪೆನಿ ನಾಟಕದ ಲೆಕ್ಕವನ್ನು ಹಳ್ಳಿಯ ನಾಟಕದವನಿಗೆ ಯಾರೂ ಕೇಳುವುದಿಲ್ಲ.

ಆದರೆ ಅವನಿಗೂ ಒಂದು ಕಟ್ಟುಪಾಡು ಬೇಕು. ತೋಚಿದಾಗ ಓಡಿಸುತ್ತೇನೆ ಎಂದರೆ ಆ ‘ತೋಚಿದಾಗ’ ಎಂಬುದು ವರ್ಷ ಕಳೆದಂತೆ ಹಿಂದಕ್ಕೆ ಸರಿಯುತ್ತ ಹೋಗುತ್ತದೆ. ಇಂದು ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದ ಪಟ್ಟದ ಗೊಂಬೆಗಳು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿಯೇ ಇವೆ. ಮಾರಲಿಲ್ಲ, ಎಸೆಯಲಿಲ್ಲ, ‘ಈ ವರ್ಷ ಬಿಡುವಿಲ್ಲ, ಬರುವ ವರ್ಷ ಕೂರಿಸೋಣ’ ಎಂದು ಬಿಟ್ಟದ್ದು. ಹಾಗೆ ಮೂರು ನವರಾತ್ರಿ ಕಳೆದರೆ ಯಾವ ಗೊಂಬೆ ಯಾವ ಮೆಟ್ಟಿಲಿನ ಮೇಲೆ ಎಂಬುದು ಮನೆಯವರಿಗೆ ಮರೆತುಹೋಗುತ್ತದೆ. ಗೊಂಬೆಗಳು ಅಲ್ಲಿಯೇ ಇರುತ್ತವೆ, ಹಬ್ಬ ಮನೆಯಿಂದ ಹೊರಟುಹೋಗಿರುತ್ತದೆ.

ಆದುದರಿಂದ ಹವ್ಯಾಸಿಗಳ ಆ ಪ್ರಶ್ನೆಗೆ ಗೂಳೂರಿನ ಕಡೆಯಿಂದ ಉತ್ತರ ಹೇಳಬೇಕಾದರೆ ಹೀಗೆ ಹೇಳಬಹುದು. ಎಷ್ಟು ಸಲವೆಂಬುದನ್ನು ನಿಮ್ಮ ಬಿಡುವು, ನಿಮ್ಮ ಆರೋಗ್ಯ, ನಿಮ್ಮ ಕೋಣೆಯ ಅಗಲ ತೀರ್ಮಾನಿಸಲಿ. ವಾರಕ್ಕೊಮ್ಮೆಯಾಗಲಿ, ನವರಾತ್ರಿಗೊಮ್ಮೆಯಾಗಲಿ, ದಿನವನ್ನು ಮಾತ್ರ ಮೊದಲೇ ಗೊತ್ತುಮಾಡಿ. ಆ ದಿನಕ್ಕೆ ನೆರೆಯ ನಾಲ್ಕು ಜನರನ್ನು ಕರೆಯಿರಿ. ಅವರಲ್ಲಿ ಒಬ್ಬರ ಕೈಗಾದರೂ ಗುಂಡಿಯನ್ನು ಕೊಡಿ. ಉಳಿದ ದಿನಗಳಲ್ಲಿ ಬಣ್ಣ ಬಳಿಯಿರಿ, ಮರ ನೆಡಿ, ಹಳಿ ಒರೆಸಿ. ಆ ಕೆಲಸಗಳೆಲ್ಲ ಆಗ ತಾಲೀಮಾಗುತ್ತವೆ.

ಭಾದ್ರಪದ ಬಂತೆಂದರೆ ಗೂಳೂರಿನಲ್ಲಿ ಕೆರೆಯ ಮಣ್ಣನ್ನು ಮತ್ತೆ ತರುತ್ತಾರೆ. ಹೋದ ವರ್ಷದ ಮೂರ್ತಿ ಎಷ್ಟು ಚೆನ್ನಾಗಿತ್ತು ಎಂದು ಊರಿನ ಹಿರಿಯರು ಮಾತನಾಡಿಕೊಳ್ಳುತ್ತಾರೆ. ಮಣ್ಣು ತುಳಿಯುವವರು ತಮ್ಮ ಕೆಲಸವನ್ನು ಪ್ರಾರಂಭಿಸಿರುತ್ತಾರೆ. ಬಲಿಪಾಡ್ಯಮಿಗೆ ಇನ್ನೂ ಎರಡು ತಿಂಗಳಿರುತ್ತದೆ.